ಎದುರು ಮನೆಯ ಲೈಸೆನ್ಸು

ಆ ಬುಧವಾರ ಅಂಚೆಯವನು ಸುಬ್ಬಲಕ್ಷ್ಮಿಯ ಕೈಗೆ ಒಂದು ಕಾರ್ಡು ಕೊಟ್ಟ. ಎದುರು ಮನೆಯ ರುದ್ರವ್ವನ ಕೈಗೆ ಹನ್ನೊಂದು ಕೊಟ್ಟ. ಎಣಿಸಬೇಕೆಂದು ಸುಬ್ಬಲಕ್ಷ್ಮಿ ಎಣಿಸಿದ್ದಲ್ಲ. ಬಾಗಿಲಲ್ಲಿ ನಿಂತಿದ್ದವಳ ಕಣ್ಣು ತಾನಾಗಿಯೇ ಎಣಿಸಿಬಿಟ್ಟಿತು.

ಬಂದದ್ದು ಒಂದೇ ಆದರೂ ಅದು ಭಿಲಾಯಿಯ ಸರಸ್ವತಿಯ ಕಾರ್ಡು ಎಂದು ಹಸಿರು ಶಾಯಿ ನೋಡಿದೊಡನೆ ತಿಳಿದು ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಸರಸ್ವತಿ ಅವಳ ಮೊಟ್ಟಮೊದಲ ಗಿರಾಕಿ. ಆರು ವರ್ಷದಿಂದ ಎರಡು ತಿಂಗಳಿಗೊಮ್ಮೆ ತಪ್ಪದೆ ಸಾರಿನ ಪುಡಿ ತರಿಸಿಕೊಳ್ಳುತ್ತಿದ್ದವಳು. ಸುಬ್ಬಲಕ್ಷ್ಮಿ ಒಳಗೆ ಬಂದು, ಕೊರಳಿಗೆ ದಾರ ಕಟ್ಟಿ ತೂಗುಬಿಟ್ಟಿದ್ದ ಕನ್ನಡಕ ಏರಿಸಿಕೊಂಡು ಓದಿದಳು.

'ಸಾರಿನ ಪುಡಿ ಇನ್ನೂ ಇದೆ, ಈ ಸಲ ಬೇಡ. ನಿಮ್ಮ ಎದುರು ಮನೆಯವರು ಕಳಿಸುವ ಶೇಂಗಾ ಚಟ್ನಿ ಬಹಳ ರುಚಿಯೆಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಎರಡು ಕಿಲೋ ಕಳಿಸುವಂತೆ ಅವರಿಗೆ ದಯವಿಟ್ಟು ತಿಳಿಸುವಿರಾ?'

ಸುಬ್ಬಲಕ್ಷ್ಮಿ ಕಾರ್ಡನ್ನು ಎರಡಾಗಿ ಮಡಿಸಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು. ತಿಳಿಸಲಿಲ್ಲ.

ಇದು ನಡೆದದ್ದು ಎಂಬತ್ತೇಳರಲ್ಲಿ, ಮಳೆಗಾಲ ಕಳೆದ ಮೇಲೆ, ಭಾಂಡುಪ್‌ನ ಒಂದು ಹೌಸಿಂಗ್ ಕಾಲೊನಿಯಲ್ಲಿ. ಸುಬ್ಬಲಕ್ಷ್ಮಿಯ ಗಂಡ ಸತ್ಯಮೂರ್ತಿ ಕೋಟೆ ಕಡೆಯ ವಿಮಾ ಆಫೀಸೊಂದರಲ್ಲಿ ಹೆಡ್ ಕ್ಲಾರ್ಕು. ಮೈಸೂರಿನಿಂದ ಬಂದು ಇಪ್ಪತ್ತು ವರ್ಷವಾಗಿತ್ತು. ಅವರ ಜೊತೆಯ ಸಹೋದ್ಯೋಗಿಯೊಬ್ಬರಿಗೆ ಭಿಲಾಯಿಗೆ ವರ್ಗವಾದಾಗ ಅವರ ಹೆಂಡತಿ, ಇದೇ ಸರಸ್ವತಿ, 'ನಿಮ್ಮ ಕೈಯ ಸಾರಿನ ಪುಡಿ ಇಲ್ಲದೆ ಊಟ ಸೇರುವುದಿಲ್ಲ' ಎಂದು ಬರೆದಿದ್ದಳು. ಅಲ್ಲಿಂದ ಶುರು. ಸುಬ್ಬಲಕ್ಷ್ಮಿ ಕನ್ನಡದ ವಾರಪತ್ರಿಕೆಯೊಂದಕ್ಕೆ ಮೂರು ಸಾಲಿನ ಜಾಹೀರಾತು ಕೊಟ್ಟಳು: ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ವಿಪಿಪಿ ಮೂಲಕ ಕಳಿಸಲಾಗುವುದು. ಪಾರ್ಸಲ್ ಬಿಡಿಸಿಕೊಳ್ಳುವಾಗ ಗಿರಾಕಿ ಅಂಚೆಯವನಿಗೇ ದುಡ್ಡು ಕೊಟ್ಟರಾಯಿತು. ರೂರ್ಕೆಲಾ, ನಾಗಪುರ, ಜಬಲ್ಪುರ, ಎಲ್ಲೆಲ್ಲೋ ಇದ್ದ ಕನ್ನಡದ ಹೆಂಗಸರು ಅವಳ ಮುಖ ನೋಡದೆಯೇ ಅವಳನ್ನು ನಂಬಿ ಬರೆಯುತ್ತಿದ್ದರು. ಬಿಲ್ಡಿಂಗಿನಲ್ಲಿ ಅವಳಿಗೆ 'ಪಾರ್ಸಲ್ ಆಂಟಿ' ಎಂದೇ ಹೆಸರಾಯಿತು. ಆ ಹೆಸರು ಕೇಳಿದರೆ ಮೇಲ್ನೋಟಕ್ಕೆ ಮುಖ ಗಂಟಿಕ್ಕುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು.

ಎದುರು ಮನೆಯ ಶಿವಪುತ್ರಪ್ಪ ವಿಜಾಪುರದ ಕಡೆಯವನು, ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್. ಎಂಬತ್ತಾರರಲ್ಲಿ ಆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಅವನ ಹೆಂಡತಿ ರುದ್ರವ್ವ ಸುಬ್ಬಲಕ್ಷ್ಮಿಯ ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದಾಗ, "ಅಳೋದ್ಯಾಕೆ ರುದ್ರವ್ವ? ನಿಮ್ಮ ಶೇಂಗಾ ಚಟ್ನಿ ಅಷ್ಟು ಚೆನ್ನಾಗಿರುತ್ತೆ. ನನ್ನ ಥರ ನೀವೂ ಪೋಸ್ಟಲ್ಲಿ ಕಳಿಸಿ" ಎಂದವಳು ಸುಬ್ಬಲಕ್ಷ್ಮಿಯೇ. ಪೋಸ್ಟಾಫೀಸಿಗೆ ಕರೆದೊಯ್ದು ವಿಪಿಪಿ ಫಾರಂ ತುಂಬುವುದನ್ನು ಹೇಳಿಕೊಟ್ಟವಳೂ ಅವಳೇ. ರುದ್ರವ್ವನ ಮೊದಲ ಜಾಹೀರಾತನ್ನು ಬರೆದುಕೊಟ್ಟದ್ದೂ ಅವಳ ಕೈ.

ಒಂದೇ ವರ್ಷದಲ್ಲಿ ರುದ್ರವ್ವ ಮುಂದೆ ಹೋದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಾಗದದಷ್ಟು ತೆಳುವಾದ ಖಡಕ್ ರೊಟ್ಟಿ. ಶಿವಪುತ್ರಪ್ಪ ಹೆಗಲ ಮೇಲೆ ಪಾರ್ಸಲ್ ಮೂಟೆ ಹೊತ್ತು ಪೋಸ್ಟಾಫೀಸಿಗೆ ಹೊರಟರೆ ಸುಬ್ಬಲಕ್ಷ್ಮಿ ತನ್ನ ಮೂರು ಪೊಟ್ಟಣದ ಚೀಲವನ್ನು ಸೆರಗಿನ ಮರೆಗೆ ಸರಿಸಿಕೊಳ್ಳುತ್ತಿದ್ದಳು. ಹುರಿದ ಶೇಂಗಾದ ವಾಸನೆ ಕಿಟಕಿಯಿಂದ ಬಂದರೆ ಎದ್ದು ಕಿಟಕಿ ಹಾಕುತ್ತಿದ್ದಳು. ತನ್ನ ಸಾರಿನ ಪುಡಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ದಿನವೂ ರುಚಿ ನೋಡುತ್ತಿದ್ದಳು. ಕೆಟ್ಟಿರಲಿಲ್ಲ. ಅದೇ ಅವಳಿಗೆ ಇನ್ನೂ ಕಷ್ಟವಾಗಿತ್ತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪುಣೆಯ ಒಂದು ಕಿರಾಣಿ ಅಂಗಡಿಗೆ ಅವಳು ಮಾದರಿಗೆಂದು ಕಳಿಸಿದ್ದ ಪೊಟ್ಟಣಗಳು ಹಿಂತಿರುಗಿ ಬಂದವು. ಜೊತೆಯಲ್ಲಿ ಒಂದು ಚೀಟಿ: 'ಲೇಬಲ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಇಂಥ ಮಾಲು ಇಟ್ಟರೆ ನಮಗೆ ತೊಂದರೆ.'

ಲೈಸೆನ್ಸೇ? ಮನೆಯಲ್ಲಿ ಕುಟ್ಟಿದ ಪುಡಿಗೆ?

"ಮಾರೋದಕ್ಕೆ ಹೊರಟ ಮೇಲೆ ಅದು ಮನೆ ಪುಡಿ ಅಲ್ಲ ಕಣೇ, ಸರಕು" ಎಂದರು ಸತ್ಯಮೂರ್ತಿ. ಮಾರನೆಯ ಸಂಜೆ ಆಫೀಸಿನಿಂದ ಬರುವಾಗ ಕಾನೂನು ಪುಸ್ತಕದ ಅಂಗಡಿಯಿಂದ ಎರಡು ತೆಳ್ಳನೆಯ ಪುಸ್ತಕ ತಂದುಕೊಟ್ಟರು. ಒಂದು ಆಹಾರ ಕಲಬೆರಕೆ ತಡೆಯುವ ಕಾಯದೆ, ಇನ್ನೊಂದು ತೂಕ ಮತ್ತು ಅಳತೆಯದು.

ಇಂಟರ್‌ಮೀಡಿಯೆಟ್ ಓದಿದ್ದ ಸುಬ್ಬಲಕ್ಷ್ಮಿ ಮಧ್ಯಾಹ್ನದ ನಿದ್ದೆ ಬಿಟ್ಟು ಡಿಕ್ಷನರಿ ತೆರೆದಿಟ್ಟುಕೊಂಡು ಕೂತಳು. ಮೊದಲ ವಾರ ಒಂದು ವಾಕ್ಯದ ಬಾಲ ಸಿಕ್ಕಿದರೆ ತಲೆ ಸಿಗುತ್ತಿರಲಿಲ್ಲ. "ಇಲ್ಲಿ 'ಶಲ್' ಅಂತಿದೆ, ಅಲ್ಲಿ 'ಮೇ' ಅಂತಿದೆ. ಎರಡೂ ಒಂದೇ ಅಲ್ಲವೇ?" ಎಂದು ಗಂಡನನ್ನು ಕೇಳಿದಳು.

"ಒಂದೇ ಹೇಗಾಗುತ್ತೆ? 'ಶಲ್' ಅಂದ್ರೆ ಮಾಡಲೇಬೇಕು. 'ಮೇ' ಅಂದ್ರೆ ಮಾಡಿದರೂ ಸರಿ, ಬಿಟ್ಟರೂ ಸರಿ."

ಆಮೇಲೆ ದಾರಿ ಬಿಚ್ಚಿಕೊಂಡಿತು. ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಅದರಲ್ಲಿ ಏನೇನು ಸೇರಿದೆ, ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ಕಟ್ಟಿದ ತಿಂಗಳು ವರ್ಷ, ಬೆಲೆ. ತೂಕದಲ್ಲಿ ಹೊದಿಕೆಯ ಭಾರ ಸೇರಿಸುವಂತಿಲ್ಲ. ತಯಾರಿಸುವ ಜಾಗ ಮಲಗುವ ಜಾಗಕ್ಕೆ ಬೇರೆಯಾಗಿರಬೇಕು. ಮುನಿಸಿಪಾಲಿಟಿಯ ವಾರ್ಡ್ ಆಫೀಸಿನಿಂದ ಲೈಸೆನ್ಸ್ ಪಡೆಯಬೇಕು. ಓದುತ್ತ ಹೋದಂತೆ ಅವಳಿಗೆ ಅದರಲ್ಲಿ ರುಚಿಯೇ ಹತ್ತಿತು. ಪ್ರತಿಯೊಂದು ಸಾಲಿನ ಹಿಂದೆಯೂ ಯಾರೋ ಎಲ್ಲೋ ಮೋಸಹೋದ ಕಥೆ ಇರಬೇಕು ಎನಿಸುತ್ತಿತ್ತು.

ವಾರ್ಡ್ ಆಫೀಸಿಗೆ ನಾಲ್ಕು ಸಲ ಅಲೆದಳು. ಅಡುಗೆಮನೆಯ ಪಕ್ಕದ ಬಾಲ್ಕನಿಗೆ ಗಾಜು ಹಾಕಿಸಿ ಟೈಲ್ಸ್ ಕೂರಿಸಿದಳು, ವೈದ್ಯರಿಂದ ಸರ್ಟಿಫಿಕೇಟು ತಂದಳು. ಕಡೆಗೂ ಲೈಸೆನ್ಸು ಕೈಗೆ ಬಂದಾಗ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದಳು.

ಮೊಸರು ಹೆಪ್ಪಿಗೆಂದು ಬಂದ ರುದ್ರವ್ವ ಅದನ್ನು ಕತ್ತೆತ್ತಿ ನೋಡಿದಳು. "ಅಕ್ಕಾರ, ಇದೇನ್ರಿ? ಬಹುಮಾನ ಬಂತೇನ್ರಿ ನಿಮಗ?"

ಆಗ ಹೇಳಬಹುದಾಗಿತ್ತು. ಒಂದೇ ಮಾತು ಸಾಕಿತ್ತು. ಸುಬ್ಬಲಕ್ಷ್ಮಿ ಹೆಪ್ಪಿನ ಬಟ್ಟಲು ಕೊಡುತ್ತ, "ಏನೋ ಸರ್ಕಾರದ ಕಾಗದ ಕಣ್ರೀ" ಎಂದು ಮಾತು ತೇಲಿಸಿದಳು. ರುದ್ರವ್ವ ನಕ್ಕು, ಅದರ ಮೇಲಿನ ಮುದ್ರೆಯತ್ತ ಬೆರಳು ತೋರಿಸಿ, "ಚಂದ ಐತ್ರಿ, ಕೆಂಪ ಶಿಕ್ಕಾ" ಎಂದು ಹೋದಳು.

ಲೈಸೆನ್ಸು ಬಂತು, ಲೇಬಲ್ಲು ಬಂತು, ಗಿರಾಕಿಗಳು ಮಾತ್ರ ಹೆಚ್ಚಲಿಲ್ಲ. ನಿಯಮವೊಂದನ್ನೂ ಅರಿಯದ ರುದ್ರವ್ವ ಹಿತ್ತಾಳೆ ಲೋಟದಲ್ಲಿ ಅಳೆದು, ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಮೇಣದಬತ್ತಿಯ ಉರಿಗೆ ಹಿಡಿದು ಬಾಯಿ ಅಂಟಿಸಿ ಕಳಿಸುತ್ತಲೇ ಇದ್ದಳು. ಹೆಸರಿಲ್ಲ, ತೂಕವಿಲ್ಲ, ತಿಂಗಳಿಲ್ಲ. ಆದರೂ ಜನ ಅವಳಿಗೇ ಬರೆಯುತ್ತಿದ್ದರು. ಇಷ್ಟು ದಿನ ತನ್ನ ಹೊಟ್ಟೆಯುರಿಗೆ ಸುಬ್ಬಲಕ್ಷ್ಮಿ ನಾಚಿಕೊಳ್ಳುತ್ತಿದ್ದಳು. ಈಗ ಅದು ನ್ಯಾಯದ ಹಾಗೆ ಕಾಣತೊಡಗಿತು. ನಾನು ಇಷ್ಟು ಕಷ್ಟಪಟ್ಟು ಕಾಯದೆ ಪಾಲಿಸುತ್ತೇನೆ, ಅವಳು ಯಾಕೆ ಪಾಲಿಸಬಾರದು?

ನವೆಂಬರಿನ ಕೊನೆಗೆ ಪವಾಯಿಯ ಕನ್ನಡ ಸಂಘದವರು ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಅದಕ್ಕೆ ಮುಂಚೆ ಸಂಘದ ಕಾರ್ಯದರ್ಶಿ ಸುಬ್ಬಲಕ್ಷ್ಮಿಯ ಮನೆಗೇ ಬಂದರು. ಅವಳು ಕಾಫಿ ಬೆರೆಸುತ್ತಿದ್ದಾಗಲೇ ಮನಸ್ಸಿನಲ್ಲಿ ಯಾವ ಸೀರೆ ಉಡುವುದೆಂದು ಆರಿಸಿಯೂ ಆಗಿತ್ತು.

"ರುದ್ರವ್ವನವರ ಚಟ್ನಿ ರೊಟ್ಟಿ ಸ್ಟಾಲು ಇಡಿಸ್ತಿದೀವಿ ಮೇಡಂ" ಎಂದರು ಕಾರ್ಯದರ್ಶಿ. "ಅವರಿಗೆ ಹಿಂದಿ, ಇಂಗ್ಲಿಷು ಅಷ್ಟಾಗಿ ಬರೋದಿಲ್ಲ. ನೀವು ಪಕ್ಕದಲ್ಲಿ ಕೂತು ಸ್ವಲ್ಪ ಸಂಭಾಳಿಸಿದ್ರೆ ಉಪಕಾರ."

ಬೇಡವೆನ್ನಲು ಕಾರಣ ಸಿಗಲಿಲ್ಲ. ಹೋಗಿ ಕೂತಳು. ಜನ ಮುಗಿಬಿದ್ದು ರೊಟ್ಟಿ ಕೊಂಡರು, ಚಟ್ನಿಯನ್ನು ಬೆರಳಿಂದ ನೆಕ್ಕಿ ಕಣ್ಣು ಮುಚ್ಚಿದರು. ಒಳ್ಳೆಯ ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಚಿಲ್ಲರೆಗಾಗಿ ಕೈಚಾಚುತ್ತ ಸುಬ್ಬಲಕ್ಷ್ಮಿಯನ್ನು ಕೇಳಿದಳು: "ನೀವು ಇವರ ಹತ್ರ ಕೆಲಸಕ್ಕಿದೀರಾ?"

ರುದ್ರವ್ವ ತಕ್ಷಣ, "ಅಯ್ಯ, ಅಲ್ರಿ! ಅಕ್ಕಾರು ನನ್ನ ಗುರುಗಳ್ರಿ!" ಎಂದಳು. ಸುತ್ತಲಿದ್ದವರು ನಕ್ಕರು. ಒಳ್ಳೆಯ ನಗುವೇ. ಆದರೆ ಸುಬ್ಬಲಕ್ಷ್ಮಿಯ ಕಿವಿಗೆ ಆ ಹೆಂಗಸಿನ ಪ್ರಶ್ನೆಯಷ್ಟೇ ಉಳಿಯಿತು.

ಮಾರನೆಯ ದಿನ ಗಂಡ ಆಫೀಸಿಗೆ ಹೋದ ಮೇಲೆ ಅವಳು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಳು. ವಾರ್ಡಿನ ಆಹಾರ ಇನ್ಸ್‌ಪೆಕ್ಟರರಿಗೆ. ಇಂಥ ಬಿಲ್ಡಿಂಗಿನ ಇಂಥ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ತಿನಿಸು ತಯಾರಾಗುತ್ತಿದೆ. ಪೊಟ್ಟಣಗಳ ಮೇಲೆ ಲೇಬಲ್ ಇಲ್ಲ. ಮನೆಮಂದಿ ಮಲಗುವ ಕೋಣೆಯಲ್ಲೇ ಕುಟ್ಟುತ್ತಾರೆ. ತಕ್ಕಡಿಯ ಬದಲು ಲೋಟದಿಂದ ಅಳೆಯುತ್ತಾರೆ. ನಾಲ್ಕೂ ನಿಜ. ಬರೆದು ಓದಿನೋಡಿದಾಗ ಅಷ್ಟು ಸಾಲದು ಎನಿಸಿತು. ಇಂಥ ನೂರು ಪತ್ರ ನೋಡಿದ ಇನ್ಸ್‌ಪೆಕ್ಟರು ಆಕಳಿಸಿ ಪಕ್ಕಕ್ಕಿಟ್ಟಾನು. ಪೆನ್ನು ಮತ್ತೆ ತೆಗೆದು ಐದನೆಯದನ್ನು ಸೇರಿಸಿದಳು: ಈ ತಿನಿಸು ತಿಂದು ಹಲವರಿಗೆ ಹೊಟ್ಟೆನೋವು ಬಂದಿದೆ.

ಅದು ಸುಳ್ಳು. ಬರೆಯುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲ. ಕೆಳಗೆ ಹೆಸರು ಹಾಕದೆ 'ಒಬ್ಬ ಹಿತಚಿಂತಕ' ಎಂದಷ್ಟೇ ಬರೆದು, ಆ ಭಾನುವಾರ ಬಾಂದ್ರಾದಲ್ಲಿ ಒಂದು ನಾಮಕರಣಕ್ಕೆ ಹೋದಾಗ ಅಲ್ಲಿಯ ಸ್ಟೇಷನ್ನಿನ ಅಂಚೆಪೆಟ್ಟಿಗೆಗೆ ಹಾಕಿದಳು.

ವಾರ ಕಳೆಯಿತು, ಎರಡು ಕಳೆಯಿತು, ಏನೂ ಆಗಲಿಲ್ಲ. ಮೊದಲು ಅಸಹನೆ. ಆಮೇಲೆ ಪತ್ರ ಕಳೆದುಹೋಗಿದ್ದರೆ ಒಳ್ಳೆಯದೆಂಬ ಆಸೆ. ಮೂರನೆಯ ವಾರ ಅದನ್ನು ಹೆಚ್ಚೂಕಡಿಮೆ ಮರೆತೇಬಿಟ್ಟಿದ್ದಳು. ಆಗ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾರೋ ಬಾಗಿಲನ್ನು ಅಂಗೈಯಿಂದ ದಬದಬ ಬಡಿದರು.

ರುದ್ರವ್ವ. ಸೆರಗಿಗೆ ಖಾರದ ಪುಡಿ ಮೆತ್ತಿತ್ತು. "ಅಕ್ಕಾರ, ಲಗೂ ಬರ್ರಿ! ಯಾರೋ ಸಾಹೇಬ ಬಂದಾನ್ರಿ, ಕಾಯದಿ ಕಾಯದಿ ಅಂತಾನ. ಇವರೂ ಮನ್ಯಾಗಿಲ್ಲ. ನನಗೊಂದೂ ತಿಳೀವಲ್ದು. ನೀವ ಓದಿದೋರು, ನೀವ ಮಾತಾಡ್ರಿ."

ಸುಬ್ಬಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ರುದ್ರವ್ವ ಅವಳ ಮೊಣಕೈ ಹಿಡಿದು ಎಳೆದುಕೊಂಡೇ ಹೋದಳು.

ಇನ್ಸ್‌ಪೆಕ್ಟರು ಐವತ್ತು ದಾಟಿದ ಮರಾಠಿಗ, ಸಣಕಲು ದೇಹ, ಮೆತ್ತಗಿನ ದನಿ. ಜೊತೆಗೊಬ್ಬ ಜವಾನ. ಚಟ್ನಿಯ ಡಬ್ಬಿಯಿಂದ ಮಾದರಿ ತೆಗೆದು ಮೂರು ಪಾಲು ಮಾಡಿ ಮೂರು ಬಾಟಲಿಗೆ ತುಂಬಿ ಅರಗಿನ ಮುದ್ರೆ ಒತ್ತುತ್ತಿದ್ದರು. ಮುಗಿದ ಮೇಲೆ ಜೇಬಿನಿಂದ ನೋಟು ತೆಗೆದು ರುದ್ರವ್ವನ ಮುಂದೆ ಹಿಡಿದರು.

ರುದ್ರವ್ವ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರಿ. ಮನೀಗೆ ಬಂದೋರ ಕಡೆ ಚಟ್ನಿಗೆ ರೊಕ್ಕ ಹೆಂಗ ತಗೋಳ್ಲಿ? ತಗೊಂಡ ಹೋಗ್ರಿ, ಇನ್ನೊಂದೀಟು ಹಾಕಿ ಕೊಡ್ತೀನಿ."

"ತಗೊಳ್ಳಿ ರುದ್ರವ್ವ" ಎಂದಳು ಸುಬ್ಬಲಕ್ಷ್ಮಿ. "ಮಾದರಿಗೆ ಅವರು ಬೆಲೆ ಕೊಡಲೇಬೇಕು. ಕಾಯದೆ ಹಾಗಿದೆ."

ಇನ್ಸ್‌ಪೆಕ್ಟರು ತಲೆಯೆತ್ತಿ ಅವಳನ್ನು ನೋಡಿದರು. "ನಿಮಗೆ ಕಾಯದೆ ಗೊತ್ತಿದೆಯಲ್ಲ ಬೆಹನ್‌ಜಿ" ಎಂದರು ಹಿಂದಿಯಲ್ಲಿ. "ಒಳ್ಳೆಯದಾಯ್ತು. ಒಂದು ತಕ್ರಾರು ಬಂದಿದೆ. ಇವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಯಾವ ಕಾರಣಕ್ಕೆ ಬಂದಿದ್ದೇವೆ ಅನ್ನೋದು ಅವರಿಗೂ ತಿಳೀಬೇಕು."

ಫೈಲಿನಿಂದ ಕಾಗದ ತೆಗೆದು ಅವಳ ಕೈಗಿಟ್ಟರು.

ಅವಳ ಕಾಗದವೇ. ಅವಳದೇ ನೀಲಿ ಶಾಯಿ. ಸುಬ್ಬಲಕ್ಷ್ಮಿ ಅದನ್ನು ಮುಖದ ಮುಂದೆ ಹಿಡಿದು ಕನ್ನಡದಲ್ಲಿ ಹೇಳತೊಡಗಿದಳು. "ಲೈಸೆನ್ಸ್ ಇಲ್ಲದೆ ತಿನಿಸು ಮಾಡ್ತಿದೀರಿ ಅಂತ ಬರೆದಿದಾರೆ... ಪೊಟ್ಟಣದ ಮೇಲೆ ಲೇಬಲ್ ಇಲ್ಲ ಅಂತ... ಮಲಗೋ ಕೋಣೆಲೇ ಕುಟ್ಟುತೀರಂತೆ... ಲೋಟದಲ್ಲಿ ಅಳೀತೀರಂತೆ." ಪ್ರತಿಯೊಂದಕ್ಕೂ ರುದ್ರವ್ವ, "ಹೌದ್ರಿ, ಖರೇನ ಐತಿ" ಎಂದು ತಲೆಯಾಡಿಸಿದಳು. ನಾಲ್ಕು ಮುಗಿಸಿ ಸುಬ್ಬಲಕ್ಷ್ಮಿ ಕಾಗದ ಮಡಿಸಿದಳು.

"ಐದನೆಯದು?" ಎಂದರು ಇನ್ಸ್‌ಪೆಕ್ಟರು.

"ಅದು... ಅದು ಸುಳ್ಳು ಸಾಹೇಬ್."

"ಸುಳ್ಳೋ ನಿಜವೋ ಲ್ಯಾಬಿನವರು ಹೇಳುತ್ತಾರೆ. ನೀವು ಓದಿ."

ಸುಬ್ಬಲಕ್ಷ್ಮಿ ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದಳು. "ನಿಮ್ಮ ಚಟ್ನಿ ತಿಂದು ಕೆಲವರಿಗೆ ಹೊಟ್ಟೆನೋವು ಬಂದಿದೆ ಅಂತ ಬರೆದಿದಾರೆ."

ರುದ್ರವ್ವ ಸಿಟ್ಟಾಗುವಳೆಂದು ಅವಳು ಕಾದಳು. ರುದ್ರವ್ವ ಸೆರಗಿಗೆ ಕೈ ಒರೆಸುತ್ತ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಯಾರಿಗ್ರಿ? ಯಾರ ಹೊಟ್ಟಿ ನೋವಾತು? ಹುಡುಗರಿಗೇನು? ಅವರ ಹೆಸರರ ಕೇಳ್ರಿ ಅಕ್ಕಾರ. ಈಗ ಆರಾಮ ಅದಾರೋ ಇಲ್ಲೋ!"

ಸುಬ್ಬಲಕ್ಷ್ಮಿ ಅದನ್ನು ಹಿಂದಿಗೆ ತಿರುಗಿಸಿ ಹೇಳಲು ಬಾಯಿ ತೆರೆದಳು. ಇನ್ಸ್‌ಪೆಕ್ಟರಿಗೆ ತರ್ಜುಮೆ ಬೇಕಾಗಿರಲಿಲ್ಲ. ರುದ್ರವ್ವನ ಮುಖವೇ ಸಾಕಾಗಿತ್ತು. ಅವರು ಕಾಗದ ವಾಪಸು ತೆಗೆದುಕೊಂಡು ಸುಬ್ಬಲಕ್ಷ್ಮಿಯ ಎದೆಯ ಕಡೆ ಬೆರಳು ತೋರಿಸಿ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು: "ಬೆಹನ್‌ಜಿ, ನಿಮ್ಮ ಚಷ್ಮಾ ಕೊರಳಲ್ಲೇ ಇದೆ."

ಇತ್ತು. ದಾರಕ್ಕೆ ತೂಗಿಕೊಂಡಿತ್ತು. ಅದಿಲ್ಲದೆ ಅವಳಿಗೆ ಪಂಚಾಂಗದ ದಪ್ಪ ಅಕ್ಷರವೂ ಕಾಣುತ್ತಿರಲಿಲ್ಲ. ಐದೂ ಅಂಶಗಳನ್ನು ಬಾಯಿಪಾಠ ಒಪ್ಪಿಸಿದ್ದಳು.

ಇನ್ಸ್‌ಪೆಕ್ಟರು ಫೈಲಿನಿಂದ ಖಾಲಿ ಹಾಳೆ ತೆಗೆದರು. ಲೈಸೆನ್ಸ್ ಬರುವವರೆಗೆ ಒಂದು ಪೊಟ್ಟಣವೂ ಹೊರಗೆ ಹೋಗಕೂಡದೆಂದು ನೋಟೀಸು ಬರೆದು ರುದ್ರವ್ವನ ಹೆಬ್ಬೆಟ್ಟಿಗೆ ಶಾಯಿ ಮುಂದಿಟ್ಟರು. ರುದ್ರವ್ವ, "ಸಹಿ ಬರ್ತದ್ರಿ ನನಗ" ಎಂದು ನಿಧಾನವಾಗಿ ಕನ್ನಡದಲ್ಲಿ ಹೆಸರು ಬರೆದಳು. ಮೆಟ್ಟಿಲಿಳಿಯುವ ಮುಂಚೆ ಇನ್ಸ್‌ಪೆಕ್ಟರು ಸುಬ್ಬಲಕ್ಷ್ಮಿಗೆ ಮಾತ್ರ ಕೇಳುವಂತೆ ಹೇಳಿದರು: "ಹೆಸರಿಲ್ಲದ ಪತ್ರಕ್ಕೆ ನಾವು ಉತ್ತರ ಬರೆಯುವ ಹಾಗಿಲ್ಲ. ಬರೆದವರು ನಿಮಗೆಲ್ಲಾದರೂ ಸಿಕ್ಕಿದರೆ ಹೇಳಿ, ನಾಲ್ಕು ಸಾಕಾಗಿತ್ತು."

ಆ ದಿನದಿಂದ ಎದುರು ಮನೆಯಲ್ಲಿ ಕುಟ್ಟುವ ಸದ್ದು ನಿಂತಿತು. ಅಂಚೆಯವನು ತಂದುಕೊಟ್ಟ ಕಾರ್ಡುಗಳು ದೇವರ ಗೂಡಿನ ಪಕ್ಕ ಕಟ್ಟಾಗಿ ಬೆಳೆದವು. ಇಷ್ಟು ದಿನ ಬಯಸಿದ್ದ ನಿಶ್ಶಬ್ದ ಸಿಕ್ಕಿತ್ತು. ಸುಬ್ಬಲಕ್ಷ್ಮಿಗೆ ಅದರಲ್ಲಿ ಎರಡು ದಿನವೂ ಕೂರಲಾಗಲಿಲ್ಲ. ಮೂರನೆಯ ದಿನ ಎರಡು ಪುಸ್ತಕಗಳನ್ನೂ ಎತ್ತಿಕೊಂಡು ಎದುರು ಬಾಗಿಲು ತಟ್ಟಿದಳು.

ರುದ್ರವ್ವ ಬೇಗ ಕಲಿತಳು. ಸುಬ್ಬಲಕ್ಷ್ಮಿ ಮೂರು ವಾರ ತಿಣುಕಿದ್ದನ್ನು ಆರು ಮಧ್ಯಾಹ್ನಗಳಲ್ಲಿ ತಿಳಿದುಕೊಂಡಳು. ಅದೂ ಎಂಥ ಪ್ರಶ್ನೆ ಕೇಳುತ್ತಿದ್ದಳು! "ಅಕ್ಕಾರ, ತೂಕ ಅಂತ ಬರೀಬೇಕು ಖರೆ. ಆದ್ರ ಮಳೆಗಾಲದಾಗ ರೊಟ್ಟಿ ಆರ್ದ್ರ ಹಿಡದು ಭಾರ ಆಗ್ತಾವು, ಬ್ಯಾಸಿಗ್ಯಾಗ ಹಗರ ಆಗ್ತಾವು. ಯಾವಾಗಿನ ತೂಕ ಬರೀಲಿ?" ಸುಬ್ಬಲಕ್ಷ್ಮಿಗೆ ಇದು ಹೊಳೆದೇ ಇರಲಿಲ್ಲ. ಅಲ್ಲಿಯೂ ಒಂದು ಸಣ್ಣ ಕಿಚ್ಚು ಎದ್ದಿತು. ತಾನೇ ತಂದಿಟ್ಟ ಸಂಕಟದ ನಡುವೆ ಕೂತು ಇವಳ ಬುದ್ಧಿಗೆ ಕರುಬುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಶಿವಪುತ್ರಪ್ಪ ಹಳೆಯ ಪ್ಲೈವುಡ್ ತಂದು ಕೋಣೆಯನ್ನು ಎರಡು ಮಾಡಿದ. ಫಿಟ್ಟರನ ಕೈ, ಬಾಗಿಲು ತೆರೆದರೆ ಸದ್ದಿರಲಿಲ್ಲ. ಮೂವತ್ತೆಂಟನೆಯ ದಿನ ಲ್ಯಾಬಿನ ವರದಿ ಬಂತು. ಚಟ್ನಿಯಲ್ಲಿ ಯಾವ ದೋಷವೂ ಇಲ್ಲ. ದಂಡ ಕಟ್ಟಿಸಿಕೊಂಡು ಲೈಸೆನ್ಸು ಕೊಟ್ಟರು.

ಇಲ್ಲಿಗೆ ಮುಗಿಯಬಹುದಿತ್ತು. ಸತ್ಯಮೂರ್ತಿಗೆ ಅವಳು ಎಲ್ಲವನ್ನೂ ಹೇಳಿಕೊಂಡಾಗ ಅವರು, "ಆದದ್ದಾಯ್ತು. ಅವರಿಗೆ ಒಳ್ಳೇದೇ ಆಯ್ತಲ್ಲ. ಇನ್ನು ಬಾಯಿಬಿಡಬೇಡ" ಎಂದಿದ್ದರು. ಸುಬ್ಬಲಕ್ಷ್ಮಿಗೂ ಆ ಮಾತು ಹಿತವಾಗಿತ್ತು.

ಆದರೆ ರುದ್ರವ್ವನ ಮನಸ್ಸಿನಲ್ಲಿ ಒಂದು ಹೆಸರು ಕೂತುಬಿಟ್ಟಿತ್ತು. ದಾನಪ್ಪ. ಸ್ಟೇಷನ್ನಿನ ಹತ್ತಿರ ಅವನ ಕಿರಾಣಿ ಅಂಗಡಿ. ಅವಳದೇ ತಾಲೂಕಿನವನು, ಶೇಂಗಾ ಕೊಡುತ್ತಿದ್ದವನೂ ಅವನೇ. ನಿನ್ನ ಚಟ್ನಿಯನ್ನು ನನ್ನ ಅಂಗಡಿಯಲ್ಲೇ ಮಾರುತ್ತೇನೆ ಎಂದು ಒಮ್ಮೆ ಕೇಳಿದ್ದ, ರುದ್ರವ್ವ ಒಪ್ಪಿರಲಿಲ್ಲ. ಆ ಸಿಟ್ಟಿಗೆ ಬರೆದಿದ್ದಾನೆ ಎಂದು ಅವಳು ನಿಶ್ಚಯಿಸಿದಳು. ಒಂದು ಸಂಜೆ ಅಂಗಡಿಯ ಮುಂದೆ ನಿಂತು ಹತ್ತಾರು ಜನರೆದುರಿಗೆ, "ನಮ್ಮೂರಾಂವ ಆಗಿ ನಮ್ಮ ಅನ್ನಕ್ಕ ಮಣ್ಣ ಹಾಕಿದಿ!" ಎಂದು ಕೂಗಾಡಿದಳು. ಭಾಂಡುಪ್‌ನ ಕನ್ನಡದ ಮನೆಗಳಲ್ಲಿ ಮಾತು ಹಬ್ಬಿತು. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಅಂಗಡಿಗೆ ಸರಿದರು.

ಬೆಲ್ಲ ತರಲು ಹೋದ ಸುಬ್ಬಲಕ್ಷ್ಮಿಗೆ ಅಂಗಡಿಯಲ್ಲಿ ದಾನಪ್ಪ ಒಬ್ಬನೇ ಕೂತಿದ್ದು ಕಂಡಿತು. ಅವನು ಎದ್ದು ನಿಂತು ಕೈಮುಗಿದ.

"ಅಕ್ಕಾರ, ನೀವು ಆ ಪತ್ರ ನೋಡೀರಂತ. ಇಂಗ್ಲಿಷ್‌ನಾಗ ಇತ್ತಂತ. ನನಗ ಇಂಗ್ಲಿಷ್ ಎಲ್ಲಿಂದ ಬರಬೇಕ್ರಿ? ನಾಕನೇತ್ತೆ ಫೇಲ್ ನಾ. ಆಕೀಗೆ ನೀವರ ಹೇಳ್ರಿ, ನಿಮ್ಮ ಮಾತು ಕೇಳ್ತಾಳ. ಅದು ನಾ ಬರದಿದ್ದಲ್ಲ ಅಂತ ಒಂದ ಮಾತು ಹೇಳ್ರಿ."

ಸುಬ್ಬಲಕ್ಷ್ಮಿ ಬೆಲ್ಲ ತೆಗೆದುಕೊಳ್ಳದೆ ಹಿಂತಿರುಗಿದಳು. ಮನೆಗೆ ಹೋಗಲಿಲ್ಲ, ನೇರವಾಗಿ ಎದುರು ಬಾಗಿಲಿಗೆ ಹೋದಳು. ರುದ್ರವ್ವ ಹೊಸ ತಕ್ಕಡಿಯಲ್ಲಿ ಚಟ್ನಿ ತೂಗುತ್ತಿದ್ದಳು. ಸುಬ್ಬಲಕ್ಷ್ಮಿ ನಿಂತೇ ಹೇಳಿದಳು: "ಆ ಪತ್ರ ದಾನಪ್ಪ ಬರೆದದ್ದಲ್ಲ. ನಾನು ಬರೆದದ್ದು."

ರುದ್ರವ್ವ ನಕ್ಕಳು, ತಮಾಷೆಯೆಂದು. ಮುಖ ನೋಡಿ ನಗು ನಿಲ್ಲಿಸಿದಳು. ತಕ್ಕಡಿಯ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಯಾಕ್ರಿ?"

"ನಿಮಗೆ ಹನ್ನೊಂದು ಕಾರ್ಡು ಬಂತು, ನನಗೆ ಒಂದು. ಅದಕ್ಕೆ." ಬೇರೆ ಚಂದದ ಕಾರಣ ಹುಡುಕಬಹುದಿತ್ತು. ಸಿಗಲಿಲ್ಲ, ಹುಡುಕಲೂ ಇಲ್ಲ. "ಆ ಒಂದರಲ್ಲೂ ನಿಮ್ಮ ಚಟ್ನಿ ಕೇಳಿದ್ದರು. ಅದನ್ನೂ ನಿಮಗೆ ಹೇಳಲಿಲ್ಲ."

"ಹೊಟ್ಟಿನೋವಿನ ಮಾತೂ ನೀವ ಬರದ್ರೇನು?"

"ಹೂಂ."

"ಎಷ್ಟ ದಿವಸ ನಿದ್ದಿ ಹತ್ತಿಲ್ರಿ ನನಗ" ಎಂದಳು ರುದ್ರವ್ವ. ದನಿ ಏರಲಿಲ್ಲ. "ಯಾವ ಊರಾಗ ಯಾವ ಕೂಸು ನನ್ನ ಕೈಯಿಂದ ಬ್ಯಾನಿ ಬಿದ್ದೈತೋ ಅಂತ. ಲ್ಯಾಬಿನಾವ್ರು ಚೊಲೋ ಐತಿ ಅಂತ ಬರದ ಮ್ಯಾಲೂ ಹತ್ತಿಲ್ಲ."

ಸುಬ್ಬಲಕ್ಷ್ಮಿ ಅಳಲಿಲ್ಲ. ಅತ್ತರೆ ರುದ್ರವ್ವನೇ ಸಮಾಧಾನಪಡಿಸಲು ಬಂದಾಳೆಂದು ಅವಳಿಗೆ ಹೆದರಿಕೆಯಾಯಿತು. ರುದ್ರವ್ವ ಎದ್ದು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ನಡೀರಿ."

"ಎಲ್ಲಿಗೆ?"

"ದಾನಪ್ಪನ ಅಂಗಡಿಗೆ. ನಾ ನಾಕ ಮಂದಿ ಮುಂದ ಬೈದೇನಿ. ನಾಕ ಮಂದಿ ಮುಂದ ತಪ್ಪ ಕೇಳ್ತೀನಿ. ನೀವು ನಿಮ್ಮದ ನೀವ ಹೇಳ್ರಿ."

ಸಂಜೆಯ ಲೋಕಲ್ ಇಳಿದ ಜನ ಅಂಗಡಿಯ ಮುಂದೆ ಹಾದುಹೋಗುವ ಹೊತ್ತು. ರುದ್ರವ್ವ ಮೊದಲು ಮಾತಾಡಿದಳು. ದಾನಪ್ಪನಿಗೆ ಕೈಮುಗಿದು, ತಿಳಿಯದೆ ಆಡಿದೆ, ಹೊಟ್ಟೆಗೆ ಹಾಕಿಕೋ ಎಂದಳು. ಆಮೇಲೆ ಸರಿದು ನಿಂತು ಸುಬ್ಬಲಕ್ಷ್ಮಿಗೆ ಜಾಗ ಬಿಟ್ಟಳು. ಕಾಲೊನಿಯ ಪರಿಚಯದವರು ಐದಾರು ಜನ ನಿಂತಿದ್ದರು. ಸುಬ್ಬಲಕ್ಷ್ಮಿ ನೆಲ ನೋಡುತ್ತ ಶುರುಮಾಡಿ, ಅರ್ಧದಲ್ಲಿ ತಲೆಯೆತ್ತಿ ಮುಗಿಸಿದಳು. ಯಾರೋ "ಛೆ" ಎಂದರು. ದಾನಪ್ಪ ಮಾತ್ರ ಗಲ್ಲಾಪೆಟ್ಟಿಗೆಯ ಮುಚ್ಚಳ ಸವರುತ್ತ, "ನಾ ಸಾಲಿ ಕಲೀಲಿಲ್ಲ ಅಂತ ನಮ್ಮಪ್ಪ ಭಾಳ ಅಳತಿದ್ದರಿ" ಎಂದ. ಅದು ಕ್ಷಮೆಯೋ ಚುಚ್ಚುಮಾತೋ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಎರಡು ವರ್ಷಕ್ಕೂ ಮೇಲೆ ರುದ್ರವ್ವ ಸುಬ್ಬಲಕ್ಷ್ಮಿಯ ಹೊಸಿಲು ತುಳಿಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಸರಿದು ದಾರಿ ಬಿಡುತ್ತಿದ್ದಳು, ಮುಖ ತಿರುಗಿಸುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಬಿಲ್ಡಿಂಗಿನಲ್ಲಿ 'ಪಾರ್ಸಲ್ ಆಂಟಿ' ಎಂಬ ಮಾತು ನಿಂತುಹೋಯಿತು. ಸುಬ್ಬಲಕ್ಷ್ಮಿ ಭಿಲಾಯಿಯ ಸರಸ್ವತಿಗೆ ರುದ್ರವ್ವನ ವಿಳಾಸ ಬರೆದು ಕಳಿಸಿದಳು. ರುದ್ರವ್ವನ ಚಟ್ನಿ, ಲೇಬಲ್ ಹೊತ್ತು, ಈಗ ದಾದರಿನ ಅಂಗಡಿಗಳಿಗೂ ಹೋಗತೊಡಗಿತು. ಟೆಂಪೋ ಬಂದು ಬಿಲ್ಡಿಂಗಿನ ಕೆಳಗೆ ನಿಂತಾಗಲೆಲ್ಲ ಸುಬ್ಬಲಕ್ಷ್ಮಿಯ ಎದೆಯಲ್ಲಿ ಹಳೆಯ ಉರಿ ಏಳುತ್ತಿತ್ತು. ಹೋಗಿಬಿಟ್ಟೀತೆಂದು ಅವಳು ಕಾದಳು, ಹೋಗಲಿಲ್ಲ. ಕಿಟಕಿ ಹಾಕುವುದನ್ನು ಮಾತ್ರ ಬಿಟ್ಟಳು.

ತೊಂಬತ್ತರ ಕೊನೆಯಲ್ಲಿ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ರುದ್ರವ್ವ ನಿಂತಿದ್ದಳು, ಹೊಸಿಲಿನ ಆಚೆಗೆ. ಕೈಯಲ್ಲಿ ಪ್ರೆಸ್ಸಿನವರು ಕೊಟ್ಟ ಹೊಸ ಲೇಬಲ್ಲಿನ ಕರಡು ಹಾಳೆ. ಇನ್ನೂ ಶಾಯಿಯ ವಾಸನೆ.

"ಕಾಯದಿ ಬದಲಾಗೈತಂತ್ರಿ, ಬೆಲಿ ಬರಿಯೂದರಾಗ" ಎಂದಳು, ನಿನ್ನೆ ಬಿಟ್ಟ ಮಾತು ಮುಂದುವರಿಸುವವಳಂತೆ. "ಪ್ರೆಸ್ಸಿನಾಂವ ಸರಿ ಐತಿ ಅಂತಾನ. ನೀವೊಮ್ಮಿ ನೋಡ್ರಿ."

ಸುಬ್ಬಲಕ್ಷ್ಮಿ ಕನ್ನಡಕ ಹಾಕಿಕೊಂಡು ಓದಿದಳು. ಎರಡು ಬಣ್ಣದ ಲೇಬಲ್ಲು. ಎಲ್ಲ ತೆರಿಗೆ ಸೇರಿ ಇಷ್ಟು ಬೆಲೆ ಎಂಬುದು ಸರಿಯಾಗಿಯೇ ಇತ್ತು. ಪದಾರ್ಥ, ತೂಕ, ವಿಳಾಸ ಎಲ್ಲ ಇತ್ತು. ಕಟ್ಟಿದ ತಿಂಗಳು ಬರೆಯುವ ಜಾಗವೇ ಇರಲಿಲ್ಲ.

"ಎಷ್ಟು ಛಾಪಿಸ್ತಿದೀರಿ?"

"ಹತ್ತ ಸಾವಿರ."

ಹತ್ತು ಸಾವಿರ. ಸುಬ್ಬಲಕ್ಷ್ಮಿಯ ಮನೆಯಲ್ಲಿ ಎಂಬತ್ತೇಳರಲ್ಲಿ ಛಾಪಿಸಿದ ಐನೂರು ಲೇಬಲ್ಲುಗಳಲ್ಲಿ ಇನ್ನೂರು ಇನ್ನೂ ಉಳಿದಿದ್ದವು. 'ಸರಿಯಾಗಿದೆ' ಎಂಬ ಒಂದು ಮಾತು ನಾಲಿಗೆಯ ಮೇಲೆ ಬಂದು ನಿಂತಿತು. ಸುಳ್ಳೆಂದು ಯಾರೂ ಹೇಳಲಾರರು. ಕಣ್ಣು ತಪ್ಪಿತು ಎಂದರಾಯಿತು. ರುದ್ರವ್ವ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು, ಅವಸರವಿಲ್ಲದೆ.

"ತಿಂಗಳು ವರ್ಷಕ್ಕೆ ಜಾಗ ಬಿಟ್ಟಿಲ್ಲ" ಎಂದಳು ಸುಬ್ಬಲಕ್ಷ್ಮಿ. "ಇಲ್ಲಿ, ತೂಕದ ಕೆಳಗೆ ಹಾಕಿಸಿ. ಹಾಗೇ ಛಾಪಿಸಿದ್ರೆ ಹತ್ತು ಸಾವಿರವೂ ದಂಡ." ಪೆನ್ನು ತಂದು ಗುರುತು ಹಾಕಿಕೊಟ್ಟಳು. ಹಾಕುವಾಗಲೂ ಎದೆ ಉರಿಯುತ್ತಲೇ ಇತ್ತು.

ರುದ್ರವ್ವ ಹಾಳೆಯನ್ನು ಬೆಳಕಿಗೆ ಹಿಡಿದು ಗುರುತು ನೋಡಿದಳು. ಉಪಕಾರವಾಯಿತು ಎನ್ನಲಿಲ್ಲ. ಚಪ್ಪಲಿ ಮೆಟ್ಟಿ, ಛಾಪಿಸಲು ಶುರುಮಾಡುವ ಮುಂಚೆ ಪ್ರೆಸ್ಸು ಮುಟ್ಟಬೇಕೆಂದು ಲಗುಬಗೆಯಿಂದ ಮೆಟ್ಟಿಲಿಳಿದು ಹೋದಳು.